ಅಮ್ಮನ ಜೊತೆ ಐಸ್‌ಹೌಸ್ ನೋಡಲು ಹೋಗಿದ್ದು

ಹಳೆಯ ನಕ್ಷೆಗಳನ್ನು ನೋಡುತ್ತಾ ಕೂರುವುದು ನನಗೆ ತುಂಬಾ ಇಷ್ಟ. ಬರ್ಮಿಂಗ್‌ಹ್ಯಾಮ್‌ಗೆ ಬಂದು ಒಂಬತ್ತು ವರ್ಷವಾಯಿತು. ಇಲ್ಲಿ ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲು. ಕೆಲಸ ಮುಗಿಸಿ ಬಂದು, ಒಂದು ಲೋಟ ಕಾಫಿ ಮಾಡಿಕೊಂಡು, ಸ್ಕಾಟ್‌ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಇಂಟರ್‌ನೆಟ್‌ನಲ್ಲಿ ಹಾಕಿರುವ ಆರ್ಡ್‌ನೆನ್ಸ್ ಸರ್ವೇ (ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ) ಹಾಳೆಗಳನ್ನು ತೆರೆಯುತ್ತೇನೆ. ನೂರು ವರ್ಷಕ್ಕೂ ಹಿಂದಿನ ನಕ್ಷೆಗಳು ಅವು. ಒಂದು ಮೈಲಿಗೆ 25 ಇಂಚು. ಬಾವಿ, ನೀರಿನ ಪಂಪು, ಹೊಲದ ನಡುವಿನ ಒಂಟಿ ಮರ, ಎಲ್ಲವೂ ಕಾಣುತ್ತವೆ.

ಹಾಗೆ ನೋಡುತ್ತಿದ್ದಾಗ ಶ್ರಾಪ್‌ಶೈರ್‌ನ ಒಂದು ದೊಡ್ಡ ಬಂಗಲೆಯ ಸುತ್ತಲಿನ ಜಾಗದಲ್ಲಿ, ಕೆರೆಯಿಂದ ಒಂದು ಕೂಗಳತೆ ದೂರದಲ್ಲಿ, ಪುಟ್ಟ ಅಕ್ಷರದಲ್ಲಿ ‘ಐಸ್ ಹೌಸ್’ ಎಂದು ಬರೆದಿರುವುದು ಕಣ್ಣಿಗೆ ಬಿತ್ತು. ಚಳಿಗಾಲದ ಐಸನ್ನು ಬೇಸಿಗೆಗೆ ಕೂಡಿಡುತ್ತಿದ್ದ ನೆಲದಡಿಯ ಗುಂಡಿ ಅದು. ಪಕ್ಕದಲ್ಲಿ ಒಂದು ಸಣ್ಣ ಸುತ್ತು, ಅಷ್ಟೇ. ಅದೇ ಜಾಗದ ಈಗಿನ ಉಪಗ್ರಹ ಚಿತ್ರ ತೆಗೆದು ನೋಡಿದೆ. ಮರಗಳ ಒಂದು ಗುಂಪು ಮಾತ್ರ ಕಂಡಿತು. ಕೆಳಗೆ ಏನಾದರೂ ಉಳಿದಿರಬಹುದಾ? ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಈ ಆಸೆ ಹುಟ್ಟಿದ್ದು ಅದಕ್ಕೆ ಎರಡು ವರ್ಷ ಮುಂಚೆ. ಲಂಡನ್ನಿನ ಕಿಂಗ್ಸ್ ಕ್ರಾಸ್ ಹತ್ತಿರ ಕಾಲುವೆಗಳ ಒಂದು ಮ್ಯೂಸಿಯಂ ಇದೆ. ಅದರ ನೆಲದಡಿ ಎರಡು ದೊಡ್ಡ ಐಸ್ ಬಾವಿಗಳಿವೆ. ಕಾರ್ಲೋ ಗಾಟಿ ಎಂಬ ಸ್ವಿಟ್ಜರ್ಲೆಂಡಿನ ವ್ಯಾಪಾರಿ 1850 ಮತ್ತು 60ರ ದಶಕದಲ್ಲಿ ಅವನ್ನು ಕಟ್ಟಿಸಿದ. ಐಸ್ ಬರುತ್ತಿದ್ದದ್ದು ನಾರ್ವೆಯಿಂದ. ಹಡಗಿನಲ್ಲಿ ಥೇಮ್ಸ್ ನದಿಗೆ, ಅಲ್ಲಿಂದ ದೋಣಿಯಲ್ಲಿ ರೀಜೆಂಟ್ಸ್ ಕಾಲುವೆಗೆ, ಕೊನೆಗೆ ಈ ಬಾವಿಗೆ. ಅಲ್ಲಿಂದ ಗಾಡಿಗಳಲ್ಲಿ ಊರೆಲ್ಲ ಹಂಚಿಕೆ. ಕಂಬಿ ಹಿಡಿದು ಬಗ್ಗಿ ಆ ಕತ್ತಲನ್ನು ನೋಡುತ್ತಾ ಬಹಳ ಹೊತ್ತು ನಿಂತಿದ್ದೆ. ಬೇಸಿಗೆಯಲ್ಲಿ ಕರಗಿ ಹೋಗುವ ವಸ್ತುವನ್ನು ಸಮುದ್ರ ದಾಟಿಸಿ ತಂದು, ಕರೆಂಟೇ ಇಲ್ಲದ ಕಾಲದಲ್ಲಿ ತಿಂಗಳುಗಟ್ಟಲೆ ಕಾಪಾಡಿದ್ದಾರೆ. ಹೇಗೆ? ಅದು ವ್ಯಾಪಾರದ ಬಾವಿ. ಅದಕ್ಕೂ ಹಿಂದೆ ದೊಡ್ಡ ಮನೆಗಳವರು ತಮ್ಮ ಜಾಗದಲ್ಲೇ ತಮ್ಮ ಕೆರೆಯ ಐಸ್ ಕೂಡಿಡುತ್ತಿದ್ದರು ಎಂದು ಅಲ್ಲಿನ ಫಲಕ ಓದಿ ಗೊತ್ತಾಯಿತು. ಅಂಥದ್ದೊಂದರ ಒಳಗೆ ಇಳಿದು ನೋಡಬೇಕು ಎಂದು ಅವತ್ತೇ ಅನ್ನಿಸಿತ್ತು.

ಜನರಿಗೆ ತೆರೆದ ಐಸ್‌ಹೌಸ್‌ಗಳು ಇಂಗ್ಲೆಂಡಿನಲ್ಲಿ ಕೆಲವಿವೆ. ಲಂಡನ್ನಿನ ಕ್ಯೂ ಗಾರ್ಡನ್ಸ್‌ನಲ್ಲಿ ಒಂದಿದೆ, ವೂಸ್ಟರ್‌ಶೈರ್‌ನ ಕ್ರೂಮ್‌ನಲ್ಲಿ ಇನ್ನೊಂದು. ಅವುಗಳನ್ನೂ ನೋಡಿದ್ದೇನೆ. ಆದರೆ ನನಗೆ ಕಂಡ ಈ ಸುತ್ತು ಖಾಸಗಿ ಜಾಗದಲ್ಲಿತ್ತು. ಇಲ್ಲಿ ಇದನ್ನು ‘ಪಾರ್ಕ್’ ಎನ್ನುತ್ತಾರೆ. ನಮ್ಮ ಊರಿನ ಪಾರ್ಕ್ ಥರ ಅಲ್ಲ. ಬಂಗಲೆಯ ಸುತ್ತ ನೂರಾರು ಎಕರೆ ಹುಲ್ಲು, ಅಲ್ಲಲ್ಲಿ ದೊಡ್ಡ ಓಕ್ ಮರಗಳು, ಮೇಯುವ ಕುರಿಗಳು, ತೊರೆಗೆ ಏರಿ ಕಟ್ಟಿ ಮಾಡಿದ ಕೆರೆ. ನೋಡಿದರೆ ದೇವರೇ ಹೀಗೆ ಮಾಡಿಟ್ಟ ಅನ್ನಿಸಬೇಕು. ಆದರೆ ಎಷ್ಟೋ ದಿಬ್ಬಗಳನ್ನು 18ನೇ ಶತಮಾನದಲ್ಲಿ ಆಳುಗಳು ಮಣ್ಣು ಹೊತ್ತು ಮಾಡಿರುತ್ತಾರೆ.

ಸ್ಕಾಟ್‌ಲೆಂಡಿನಲ್ಲಿ 2003ರ ಕಾನೂನು ಬಂದ ಮೇಲೆ ಇಂಥ ಜಾಗಗಳಲ್ಲಿ ಜವಾಬ್ದಾರಿಯಿಂದ ಓಡಾಡಬಹುದು. ಇಂಗ್ಲೆಂಡಿನಲ್ಲಿ ಹಾಗಿಲ್ಲ. ಸಾರ್ವಜನಿಕ ಕಾಲುದಾರಿ ಇದ್ದರೆ ಆ ದಾರಿಯಲ್ಲಿ ಮಾತ್ರ ನಡೆಯಬೇಕು. ಈ ಪಾರ್ಕಿನಲ್ಲಿ ಒಂದು ಕಾಲುದಾರಿ ಇತ್ತು. ಐಸ್‌ಹೌಸ್ ಅದರಿಂದ ಮುನ್ನೂರು ಮೀಟರ್ ಒಳಗೆ. ಬೇಲಿ ದಾಟಿ ಹೋಗುವುದು ಕಷ್ಟವಲ್ಲ. ಆದರೆ ಕೇಳದೆ ಇನ್ನೊಬ್ಬರ ಜಾಗಕ್ಕೆ ಕಾಲಿಡಲು ಮನಸ್ಸು ಬರಲಿಲ್ಲ.

ಜನವರಿಯಲ್ಲಿ ಎಸ್ಟೇಟ್ ಕಚೇರಿಗೆ ಕೈಯಲ್ಲೇ ಒಂದು ಕಾಗದ ಬರೆದೆ. ನಾನು ಯಾರು, ಯಾಕೆ ನೋಡಬೇಕು, ನಕ್ಷೆಯಲ್ಲಿ ಎಲ್ಲಿದೆ, ಎಲ್ಲ ವಿವರವಾಗಿ ಬರೆದು ನಕ್ಷೆಯ ಪ್ರತಿಯನ್ನೂ ಇಟ್ಟೆ. ಎರಡು ತಿಂಗಳು ಉತ್ತರವಿಲ್ಲ. ಮಾರ್ಚ್‌ನಲ್ಲಿ ಒಂದು ಮೇಲ್ ಬಂತು. ಐಸ್‌ಹೌಸ್ ಇನ್ನೂ ಇದೆ, ಚೆನ್ನಾಗಿಯೇ ಇದೆ. ಆದರೆ ಈಗ ಬರುವಂತಿಲ್ಲ, ಒಳಗೆ ಬಾವಲಿಗಳು ಮಲಗಿವೆ!

ಇದು ನೆಪ ಅಲ್ಲ. ಬ್ರಿಟನ್ನಿನಲ್ಲಿ ಎಲ್ಲ ಜಾತಿಯ ಬಾವಲಿಗಳಿಗೂ 1981ರ ವನ್ಯಜೀವಿ ಕಾನೂನಿನ ರಕ್ಷಣೆ ಇದೆ. ಚಳಿಗಾಲದಲ್ಲಿ ಅವು ತಿಂಗಳುಗಟ್ಟಲೆ ನಿದ್ದೆ ಮಾಡುತ್ತವೆ. ಮೈಯಲ್ಲಿ ಕೂಡಿಟ್ಟ ಕೊಬ್ಬೇ ಆಗ ಆಹಾರ. ಯಾರಾದರೂ ಟಾರ್ಚ್ ಹಿಡಿದು ಒಳಗೆ ಹೋದರೆ ಎಚ್ಚರವಾಗಿಬಿಡುತ್ತವೆ. ಹಾಗೆ ಎಚ್ಚರವಾದಾಗಲೆಲ್ಲ ಆ ಕೊಬ್ಬು ಬೇಗ ಖರ್ಚಾಗುತ್ತದೆ, ವಸಂತದವರೆಗೆ ಸಾಲದೆ ಹೋಗಬಹುದು. ಅದಕ್ಕೇ ಚಳಿಗಾಲದಲ್ಲಿ ಪರವಾನಗಿ ಇರುವ ತಜ್ಞರು ಮಾತ್ರ ಹೋಗಿ ಎಣಿಸಿ ಬರುತ್ತಾರೆ. ಬೇಸಿಗೆಯಲ್ಲಿ ಒಳಗೆ ಯಾವುದೂ ಇಲ್ಲ ಎಂದು ಅವರು ನೋಡಿ ಹೇಳಿದ ಮೇಲೆ ಜೂನ್‌ನಲ್ಲಿ ಒಂದು ದಿನ ಕೊಡುತ್ತೇವೆ ಎಂದು ಬರೆದಿದ್ದರು. ಜೊತೆಗೆ ಒಂದು ಕೋರಿಕೆ: ಜಾಗದ ಹೆಸರನ್ನು ಎಲ್ಲೂ ಹಾಕಬೇಡಿ. ಅದನ್ನು ಇಲ್ಲಿ ಪಾಲಿಸುತ್ತಿದ್ದೇನೆ.

ಕಾಯುವ ಆ ತಿಂಗಳುಗಳಲ್ಲಿ ಸಿಕ್ಕಿದ್ದೆಲ್ಲ ಓದಿದೆ. ಇಂಗ್ಲೆಂಡಿನಲ್ಲಿ ಐಸ್ ಗುಂಡಿಯ ಮೊದಲ ದಾಖಲೆ ಒಂದನೇ ಜೇಮ್ಸ್ ದೊರೆಯ ಕಾಲದ್ದು. 1619ರ ಸುಮಾರಿಗೆ ಗ್ರೀನಿಚ್‌ನಲ್ಲಿ ತೋಡಿಸಿದ. ಆಮೇಲೆ 1660ರಲ್ಲಿ ಎರಡನೇ ಚಾರ್ಲ್ಸ್ ಲಂಡನ್ನಿನಲ್ಲಿ ಇನ್ನೊಂದು ಕಟ್ಟಿಸಿದ. ಅವನು ಗಡಿಪಾರಾಗಿ ಫ್ರಾನ್ಸಿನಲ್ಲಿದ್ದು ಬಂದವನು, ಅಲ್ಲಿನ ಊಟದ ರುಚಿ ಕಂಡವನು. ದೊರೆ ಮಾಡಿದ ಮೇಲೆ ಸಾಹುಕಾರರು ಸುಮ್ನಿರುತ್ತಾರಾ? ಮುಂದಿನ ಇನ್ನೂರು ವರ್ಷದಲ್ಲಿ ಸಾವಿರಾರು ಐಸ್‌ಹೌಸ್‌ಗಳು ಎದ್ದವು. ಬೆಣ್ಣೆ, ಮೀನು, ಮಾಂಸ ಕೆಡದಂತೆ ಇಡಲು, ವೈನ್ ತಣ್ಣಗೆ ಮಾಡಲು, ಐಸ್‌ಕ್ರೀಮ್ ಮಾಡಲು. ಕೆರೆಯ ಐಸ್ ಕೊಳಕಾಗಿರುತ್ತಿತ್ತು, ಆದ್ದರಿಂದ ಲೋಟಕ್ಕೆ ನೇರವಾಗಿ ಹಾಕುತ್ತಿರಲಿಲ್ಲ. ಅದಕ್ಕೆ ಉಪ್ಪು ಬೆರೆಸಿದರೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಹೋಗುತ್ತದೆ. ಆ ಮಿಶ್ರಣದ ನಡುವೆ ಹಾಲು ಸಕ್ಕರೆಯ ಪಾತ್ರೆ ಇಟ್ಟು ತಿರುಗಿಸುತ್ತಿದ್ದರು.

ಓದಿದ್ದರಲ್ಲಿ ಎರಡು ವಿಷಯ ಮನಸ್ಸಿನಲ್ಲಿ ಉಳಿದವು. ಒಂದು, ಸ್ಕಾಟ್‌ಲೆಂಡಿನ ಸಾಮನ್ ಮೀನಿನದು. ಈಸ್ಟ್ ಇಂಡಿಯಾ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಡಾಲ್ರಿಂಪಲ್, ಚೀನಾದ ಮೀನುಗಾರರು ಐಸ್‌ನಲ್ಲಿ ಮೀನು ಸಾಗಿಸುವುದನ್ನು ಕಂಡಿದ್ದ. 1786ರಲ್ಲಿ ಅದನ್ನು ಜಾರ್ಜ್ ಡೆಂಪ್‌ಸ್ಟರ್ ಎಂಬ ಸ್ಕಾಟಿಷ್ ಸಂಸದನಿಗೆ ಹೇಳಿದ. ಆಮೇಲೆ ಸಾಮನ್ ಮೀನು ಐಸ್ ತುಂಬಿದ ಪೆಟ್ಟಿಗೆಯಲ್ಲಿ ಲಂಡನ್ ತಲುಪತೊಡಗಿತು. ಚೀನಾದ ಬೆಸ್ತರ ಜಾಣತನ ಒಂದು ಮಾತಿನಲ್ಲಿ ಎಷ್ಟು ದೂರ ಬಂತು ನೋಡಿ. ಇನ್ನೊಂದು, 2018ರಲ್ಲಿ ಲಂಡನ್ನಿನ ರೀಜೆಂಟ್ಸ್ ಕ್ರೆಸೆಂಟ್‌ನಲ್ಲಿ ಮನೆ ಕಟ್ಟಲು ಅಗೆಯುವಾಗ ಸಿಕ್ಕ ಐಸ್‌ಹೌಸ್. 1780ರ ದಶಕದ್ದು. 7.5 ಮೀಟರ್ ಅಗಲ, 9.5 ಮೀಟರ್ ಆಳ. ಎರಡನೇ ಮಹಾಯುದ್ಧದ ಬಾಂಬು ಮೇಲಿನ ಮನೆಗಳನ್ನು ಉರುಳಿಸಿದರೂ ನೆಲದಡಿಯ ಇಟ್ಟಿಗೆಯ ಮೊಟ್ಟೆ ಒಡೆದಿರಲಿಲ್ಲ. 1822ರಲ್ಲಿ ವಿಲಿಯಂ ಲೆಫ್ಟ್‌ವಿಚ್ ಎಂಬ ಮಿಠಾಯಿ ವ್ಯಾಪಾರಿ ಹಡಗು ಗೊತ್ತು ಮಾಡಿ ನಾರ್ವೆಯಿಂದ 300 ಟನ್ ಐಸ್ ತರಿಸಿದ್ದ. ಆ ಮೊಟ್ಟೆಯನ್ನು ಬಳಸುತ್ತಿದ್ದವನು ಅವನೇ.

ಮೇ ತಿಂಗಳಲ್ಲಿ ಅಮ್ಮ ಬಂದರು. ಅಪ್ಪ ಹೋದ ಮೇಲೆ ಅವರದು ಇದೇ ಮೊದಲ ಪ್ರಯಾಣ. ವಯಸ್ಸು ಅರವತ್ತೆಂಟು. ಕುಣಿಗಲ್ ಹತ್ತಿರದ ಒಂದು ಹಳ್ಳಿ ಅವರ ತವರು. ನಾನೊಬ್ಬನೇ ಹೋಗುವ ಯೋಚನೆಯಲ್ಲಿದ್ದೆ. ಅಮ್ಮನಿಗೆ ಗುಂಡಿ ನೋಡುವುದರಲ್ಲಿ ಏನು ಆಸಕ್ತಿ ಅಂದುಕೊಂಡಿದ್ದೆ. ಆದರೆ ವಿಷಯ ಹೇಳಿದ ಕೂಡಲೇ, “ನಾನೂ ಬರ್ತೀನಿ ಕಣೋ, ಮನೇಲಿ ಕೂತು ಏನು ಮಾಡ್ಲಿ” ಎಂದರು. ಇಬ್ಬರು ಬರುತ್ತೇವೆ ಎಂದು ಮೇಲ್ ಹಾಕಿದೆ. ಬನ್ನಿ, ಗಟ್ಟಿ ಶೂ ಹಾಕಿಕೊಂಡು ಬನ್ನಿ ಎಂದು ಉತ್ತರ ಬಂತು.

ಕಾರಿನಲ್ಲಿ ಹೋಗುವಾಗ ಐಸ್‌ಹೌಸ್ ಎಂದರೆ ಏನು ಎಂದು ವಿವರಿಸುತ್ತಿದ್ದೆ. ಅಮ್ಮ ನಡುವೆಯೇ ತಡೆದರು. “ಮದ್ರಾಸಲ್ಲಿ ನೋಡಿದೀನಲ್ಲ. ಬೀಚ್ ಎದುರಿಗೆ, ವಿವೇಕಾನಂದರು ಇದ್ದ ಮನೆ. ಆಟೋದವನು ಐಸ್‌ಹೌಸ್ ಅಂತಾನೇ ಕರ್ಕೊಂಡು ಹೋಗಿದ್ದು.” ನನಗೆ ಹೊಳೆದೇ ಇರಲಿಲ್ಲ. ಅಮ್ಮ ಹೇಳಿದ್ದು ಸರಿ. ಮರೀನಾ ದಡದ ಆ ದುಂಡನೆಯ ಕಟ್ಟಡವನ್ನು 1842ರ ಸುಮಾರಿಗೆ ಕಟ್ಟಿಸಿದ್ದು ಅಮೆರಿಕದ ಬೋಸ್ಟನ್ನಿನ ಐಸ್ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್. 1833ರಲ್ಲಿ ಅವನ ‘ಟಸ್ಕನಿ’ ಹಡಗು 180 ಟನ್ ಐಸ್ ಹೊತ್ತು ಬೋಸ್ಟನ್ನಿನಿಂದ ಹೊರಟು, ನಾಲ್ಕು ತಿಂಗಳ ಮೇಲೆ ಕಲ್ಕತ್ತ ಸೇರಿದಾಗ ಸುಮಾರು 100 ಟನ್ ಇನ್ನೂ ಉಳಿದಿತ್ತು. ಸಮಭಾಜಕ ವೃತ್ತವನ್ನು ಎರಡು ಸಲ ದಾಟಿ! ಮುಂದೆ ಅವನ ಐಸ್ ಮದ್ರಾಸಿಗೂ ಬಂತು. ವಿವೇಕಾನಂದರು 1897ರ ಫೆಬ್ರವರಿಯಲ್ಲಿ ಅಲ್ಲಿ ಒಂಬತ್ತು ದಿನ ಉಳಿದುಕೊಳ್ಳುವ ಹೊತ್ತಿಗೆ ಐಸ್ ವ್ಯಾಪಾರ ನಿಂತುಹೋಗಿ, ಅದು ಒಬ್ಬ ವಕೀಲರ ಮನೆಯಾಗಿತ್ತು. ಇದನ್ನೆಲ್ಲ ಹೇಳಿದಾಗ ಅಮ್ಮ, “ಅಷ್ಟು ದೂರ ಹೆಂಗೆ ತಂದ್ರು? ಮರದ ಹೊಟ್ಟಲ್ಲಿ ಮುಚ್ಚಿರಬೇಕು. ನಮ್ಮೂರ ಸೋಡಾ ಅಂಗಡೀಲಿ ಗೋಣಿಚೀಲದಲ್ಲಿ ಹೊಟ್ಟು ಹಾಕಿ ಇಡೋರು” ಎಂದರು. ಟ್ಯೂಡರ್ ಬಳಸಿದ್ದೂ ಅದನ್ನೇ. ಅಮೆರಿಕದ ಮರದ ಮಿಲ್ಲುಗಳ ಹೊಟ್ಟು.

ಹನ್ನೊಂದು ಗಂಟೆಗೆ ಪಾರ್ಕಿನ ಗೇಟಿನಲ್ಲಿ ಒಬ್ಬ ಹಿರಿಯರು ಕಾಯುತ್ತಿದ್ದರು. ನಲವತ್ತು ವರ್ಷ ಈ ಎಸ್ಟೇಟಿನ ಮರಗಳನ್ನು ನೋಡಿಕೊಂಡು ಈಗ ನಿವೃತ್ತರು. ಕತ್ತಿನಲ್ಲಿ ಒಂದು ಸಣ್ಣ ಮೀಟರ್ ನೇತಾಡುತ್ತಿತ್ತು, ಕೈಯಲ್ಲಿ ಮೂರು ಹೆಲ್ಮೆಟ್. ಅಮ್ಮ ಸೀರೆಯ ಮೇಲೆ ಸ್ವೆಟರ್ ಹಾಕಿ ನನ್ನ ಹೆಂಡತಿಯ ಶೂ ಕಟ್ಟಿಕೊಂಡಿದ್ದರು. ಹಿರಿಯರು ಅಮ್ಮನಿಗೆ ಟೋಪಿ ತೆಗೆದು ವಂದಿಸಿದರು. ಅಮ್ಮ ಕೈ ಮುಗಿದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದು. ದಿನವಿಡೀ ನಾನು ನಡುವೆ ನಿಂತು ಹೇಳಿದೆ. ಆದರೆ ಅರ್ಧ ಮಾತು ನಾನಿಲ್ಲದೆಯೇ ಅವರಿಗೆ ಅರ್ಥವಾಗುತ್ತಿತ್ತು.

ಕೆರೆಯ ಏರಿಯ ಮೇಲೆ ನಡೆದೆವು. ಅಮ್ಮ ತೂಬು ಎಲ್ಲಿದೆ ಎಂದು ಕೇಳಿದರು. ಅವರು ಕರೆದುಕೊಂಡು ಹೋಗಿ ತೋರಿಸಿದರು. ಏರಿ ಮುಗಿದ ಮೇಲೆ ಮರಗಳ ನಡುವೆ ಸೊಂಟದವರೆಗೆ ಗಿಡ. ನಾನು ಫೋಟೋ ತೆಗೆಯುವ ಭರದಲ್ಲಿ ದಾರಿ ಬಿಟ್ಟು ಒಳಗೆ ನುಗ್ಗಿದೆ. ಮೊಣಕೈವರೆಗೆ ಉರಿ ಹತ್ತಿತು. ಇಲ್ಲಿನ ತುರುಚೆ ಗಿಡ ಅದು. ಅಮ್ಮ ಮೊದಲೇ ಎಲೆ ನೋಡಿ ಗುರುತು ಹಿಡಿದು ಸೆರಗು ಬಿಗಿ ಮಾಡಿಕೊಂಡು ದೂರ ನಿಂತಿದ್ದರು. ಹಿರಿಯರು ಪಕ್ಕದಲ್ಲೇ ಬೆಳೆದಿದ್ದ ಡಾಕ್ ಎಂಬ ಗಿಡದ ಅಗಲ ಎಲೆ ಕಿತ್ತು ನನ್ನ ಕೈಗೆ ತಿಕ್ಕಿದರು. ಉರಿ ಸ್ವಲ್ಪ ಕಮ್ಮಿಯಾಯಿತು.

ಐಸ್‌ಹೌಸ್ ಎದುರು ಬಂದು ನಿಂತರೂ ಮೊದಲು ಏನೂ ಕಾಣಲಿಲ್ಲ. ಒಂದು ದಿಬ್ಬ, ಅದರ ಮೇಲೆ ಹಳೆಯ ಯೂ ಮರಗಳು. ಯೂ ಮರ ವರ್ಷವಿಡೀ ಹಸಿರು, ನೆರಳು ದಟ್ಟ. ಸುಮ್ನೆ ಬೆಳೆದದ್ದಲ್ಲ, ದಿಬ್ಬಕ್ಕೆ ಬಿಸಿಲು ಬೀಳಬಾರದು ಎಂದೇ ನೆಟ್ಟದ್ದು. ಸುತ್ತಿ ಹೋದರೆ ಉತ್ತರದ ಕಡೆ ಇಟ್ಟಿಗೆಯ ಕಮಾನು, ಅದಕ್ಕೆ ಕಬ್ಬಿಣದ ಕಂಬಿ ಬಾಗಿಲು. ಕಂಬಿಗಳು ಅಡ್ಡಡ್ಡ ಇದ್ದವು, ಬಾವಲಿ ಹಾರಿ ಹೋಗುವಷ್ಟು ಸಂದು ಬಿಟ್ಟು. ಹಿರಿಯರು ಬೆಳಿಗ್ಗೆಯೇ ಬಂದು ಬೀಗ ತೆಗೆದು ಗಾಳಿ ಆಡಲು ಬಿಟ್ಟಿದ್ದರು. ಆಳದ ಗುಂಡಿಯಲ್ಲಿ ಕೆಟ್ಟ ಗಾಳಿ ತುಂಬಿರಬಹುದು. ಕತ್ತಿನ ಮೀಟರ್ ಇದ್ದದ್ದು ಅದಕ್ಕೇ. ಇದನ್ನು ಅಮ್ಮನಿಗೆ ಹೇಳಿದಾಗ ಅವರು ಏನೂ ಮಾತಾಡಲಿಲ್ಲ. ಆದರೆ ಮುಖದಲ್ಲಿ ಏನೋ ಬದಲಾಯಿತು.

ಒಳಗೆ ಐದು ಮೀಟರಿನಷ್ಟು ಉದ್ದದ ಓಣಿ. ಬಗ್ಗಿ ನಡೆಯಬೇಕು. ಗೋಡೆಯಲ್ಲಿ ಮೂರು ಕಡೆ ಬಾಗಿಲು ಕೂರಿಸಿದ ಗುರುತು. ಮೊದಲು ಮೂರು ಬಾಗಿಲಿತ್ತಂತೆ, ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯಬೇಕು. ನಡುವಿನ ಜಾಗಕ್ಕೆ ಹುಲ್ಲು ತುಂಬುತ್ತಿದ್ದರು. ನಾನು ಜೇಬಿನಲ್ಲಿ ಥರ್ಮಾಮೀಟರ್ ತಂದಿದ್ದೆ. ಹೊರಗೆ 24 ಡಿಗ್ರಿ. ಮೂರನೇ ಬಾಗಿಲಿನ ಹತ್ತಿರ 11.

ಓಣಿ ಮುಗಿದ ಕಡೆ ನೆಲವೇ ಇಲ್ಲ. ಒಂದು ಅಡ್ಡಕಂಬಿ, ಅದರಾಚೆ ಗುಂಡಿ. ಟಾರ್ಚ್ ಹಾಕಿದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ಇಟ್ಟಿಗೆಯಲ್ಲಿ ಕಟ್ಟಿದ ಒಂದು ದೊಡ್ಡ ಮೊಟ್ಟೆ. ಚೂಪು ತುದಿ ಕೆಳಗೆ, ದುಂಡು ತುದಿ ತಲೆಯ ಮೇಲೆ. ಒಂದೊಂದು ಸುತ್ತು ಇಟ್ಟಿಗೆಯೂ ಹಿಂದಿನ ಸುತ್ತಿಗಿಂತ ಕೂದಲೆಳೆಯಷ್ಟು ಒಳಗೆ ಸರಿದು ಮೇಲೆ ಹೋಗಿ ಕೂಡುತ್ತದೆ. ಎಲ್ಲೂ ಬಿರುಕಿಲ್ಲ. ಯಾರೂ ನೋಡದ, ಬೆಳಕೇ ಬೀಳದ ಕಡೆಯಲ್ಲಿ ಗಾರೆ ಕೆಲಸದವರು ಇಷ್ಟು ಶ್ರದ್ಧೆಯಿಂದ ಕಟ್ಟಿದ್ದಾರೆ. ಗೋಡೆ ಎರಡು ಪದರ, ನಡುವೆ ಗಾಳಿಯ ಸಂದು.

ಕಬ್ಬಿಣದ ಏಣಿ ಇಳಿದೆ. ಅಗಲ ಮೂರು ಮೀಟರ್, ಆಳ ಐದು ಮೀಟರ್. ನಮ್ಮ ಲೆಕ್ಕದಲ್ಲಿ ಮೂರಾಳು ಆಳ. ತಳದಲ್ಲಿ ಒಂದಿಷ್ಟು ಕೊಳೆತ ಎಲೆ, ನಡುವೆ ನೀರು ಹೋಗುವ ತೂತು. ಅದರ ಮೇಲೆ ತುಕ್ಕು ಹಿಡಿದ ಒಂದು ಕಬ್ಬಿಣದ ಬಳೆ. ಗಾಡಿ ಚಕ್ರದ ಪಟ್ಟಿ! ತೂತಿನ ಮೇಲೆ ಹಳೆಯ ಗಾಡಿ ಚಕ್ರ ಮಲಗಿಸಿ, ಅದರ ಮೇಲೆ ಸೌದೆ ಪುಳ್ಳೆ, ಹುಲ್ಲು ಹರಡಿ, ಆಮೇಲೆ ಐಸ್ ತುಂಬುತ್ತಿದ್ದರು. ಕರಗಿದ ನೀರು ಚಕ್ರದ ಸಂದಿನಿಂದ ಇಳಿದು ಹೋಗುತ್ತಿತ್ತು. ನೀರು ನಿಂತರೆ ಹುಲ್ಲು ಒದ್ದೆಯಾಗುತ್ತದೆ. ಒದ್ದೆ ಹುಲ್ಲು ಶಾಖವನ್ನು ತಡೆಯುವುದಿಲ್ಲ. ಮರದ ಅರೆಗಳು ಕೊಳೆತು ಹೋಗಿ ಪಟ್ಟಿ ಮಾತ್ರ ಉಳಿದಿದೆ. ಚರಂಡಿಯಲ್ಲಿ ಒಂದು ಬಾಗು ಇಟ್ಟಿದ್ದಾರೆ, ನಮ್ಮ ವಾಷ್‌ಬೇಸಿನ್ ಕೆಳಗೆ ಇರುತ್ತಲ್ಲ, ಹಾಗೆ. ನೀರು ಹೊರಗೆ ಹೋಗುತ್ತದೆ, ಬಿಸಿ ಗಾಳಿ ಒಳಗೆ ಬರುವುದಿಲ್ಲ.

ಕೆಳಗೆ ನಿಂತಾಗ ನನಗೆ ಒಂದು ವಿಷಯ ಮೊದಲ ಸಲ ಸರಿಯಾಗಿ ಅರ್ಥವಾಯಿತು. ಭೂಮಿ ತಂಪಾಗಿರುವುದರಿಂದ ಐಸ್ ಉಳಿಯುತ್ತಿತ್ತು ಅಂದುಕೊಂಡಿದ್ದೆ. ತಪ್ಪು. ಇಲ್ಲಿನ ನೆಲದಡಿ ವರ್ಷವಿಡೀ 10, 11 ಡಿಗ್ರಿ. ನಮಗೆ ಅದು ಚಳಿ, ಐಸ್‌ಗೆ ಅದೂ ಬಿಸಿಯೇ. ಐಸ್ ಉಳಿಸಿದ್ದು ಹುಲ್ಲು, ಒಣಗಿದ ತಳ, ಮುಚ್ಚಿದ ಬಾಗಿಲು, ಎಲ್ಲಕ್ಕಿಂತ ಜಾಸ್ತಿ ಆ ಐಸ್‌ನ ರಾಶಿಯೇ. ಮನೆಗೆ ಬಂದು ಲೆಕ್ಕ ಹಾಕಿದೆ. ಈ ಗುಂಡಿಯಲ್ಲಿ ಕುಟ್ಟಿ ತುಂಬಿದರೆ ಸುಮಾರು 17 ಟನ್ ಐಸ್ ಹಿಡಿಯುತ್ತದೆ. ಒಂದು ಕಿಲೋ ಐಸ್ ಕರಗಲು 334 ಕಿಲೋಜೂಲ್ ಶಾಖ ಬೇಕು. ಅಂದರೆ ಗುಂಡಿಯೊಳಗೆ 60 ವಾಟಿನ ಹಳೇ ಕಾಲದ ಮೂರು ಬಲ್ಬ್ ಹಗಲೂ ರಾತ್ರಿ ಉರಿದರೆ, ಅಷ್ಟೂ ಐಸ್ ಕರಗಲು ಒಂದು ವರ್ಷ ಹಿಡಿಯುತ್ತದೆ. ಒಳಗೆ ಬರುವ ಶಾಖವನ್ನು ಮೂರು ಬಲ್ಬಿಗಿಂತ ಕಮ್ಮಿ ಮಾಡಿದರೆ ಸಾಕು, ಈ ಚಳಿಗಾಲದ ಐಸ್ ಮುಂದಿನ ಚಳಿಗಾಲದವರೆಗೆ ಇರುತ್ತದೆ. ಒಳ್ಳೆಯ ಐಸ್‌ಹೌಸ್‌ನಲ್ಲಿ ಎರಡು ವರ್ಷವೂ ಉಳಿಯುತ್ತಿತ್ತು.

ನಾನು ಕೆಳಗಿನಿಂದ ಇದೆಲ್ಲ ಕೂಗಿ ಹೇಳುತ್ತಿದ್ದರೆ ಮೇಲೆ ಅಮ್ಮ ಕಂಬಿ ಹಿಡಿದು ಸುಮ್ನೆ ನೋಡುತ್ತಿದ್ದರು. ಆಮೇಲೆ ಹೇಳಿದರು: “ಇದು ಹಗೇವು ಕಣೋ.”

ಹಗೇವು ಅಂದರೆ ಕಾಳು ಕೂಡಿಡುವ ನೆಲದ ಗುಂಡಿ. ನಾನು ಹೆಸರು ಕೇಳಿದ್ದೆ, ನೋಡಿರಲಿಲ್ಲ. ಮೇಲೆ ಬಂದೆ. ಓಣಿಯಿಂದ ಹೊರಗೆ ಬಂದು ಹುಲ್ಲಿನ ಮೇಲೆ ಕೂತೆವು. ಹಿರಿಯರು ಫ್ಲಾಸ್ಕಿನಿಂದ ಟೀ ಬಗ್ಗಿಸಿದರು. ಅಮ್ಮ ಒಂದು ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ ಚಿತ್ರ ಬರೆಯತೊಡಗಿದರು. ಮೇಲೆ ಒಬ್ಬ ಆಳು ಇಳಿಯುವಷ್ಟು ಕಿರಿದಾದ ಬಾಯಿ, ಕೆಳಗೆ ಗಡಿಗೆಯ ಹೊಟ್ಟೆಯಂತೆ ಅಗಲ. “ನಮ್ಮಪ್ಪನ ಮನೆ ಹಿತ್ತಿಲಲ್ಲಿತ್ತು. ಸುತ್ತ ಹುಲ್ಲು ಒತ್ತಿ, ರಾಗಿ ಸುರಿಯೋರು. ಮೇಲೆ ಹುಲ್ಲು, ಚಪ್ಪಡಿ, ಆಮೇಲೆ ಮಣ್ಣು ಮೆತ್ತೋರು. ಎಷ್ಟು ವರ್ಷ ಆದ್ರೂ ರಾಗಿಗೆ ಹುಳ ಬೀಳ್ತಿರಲಿಲ್ಲ. ಮಳೆ ಹೋದ ವರ್ಷ ತೆಗೆಯೋರು.”

ತೆಗೆಯುವ ದಿನ ಮಕ್ಕಳನ್ನು ಹತ್ತಿರ ಬಿಡುತ್ತಿರಲಿಲ್ಲವಂತೆ. ಚಪ್ಪಡಿ ಸರಿಸಿ ಒಂದು ದಿನ ಹಾಗೇ ಬಿಡುತ್ತಿದ್ದರು. ಮಾರನೇ ದಿನ ಹಗ್ಗ ಕಟ್ಟಿ ಲಾಂದ್ರ ಇಳಿಬಿಡುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಪಕ್ಕದ ಊರಿನಲ್ಲಿ ದೀಪ ಬಿಡದೆ ಇಳಿದ ಒಬ್ಬರು ಮೇಲೆ ಬರಲೇ ಇಲ್ಲ. ಅದನ್ನು ಹೇಳುವಾಗ ಅಮ್ಮ ಹಿರಿಯರ ಕತ್ತಿನ ಮೀಟರ್ ಕಡೆ ಕೈ ತೋರಿಸಿದರು. ನಾನು ಹೇಳಿದ ಮೇಲೆ ಅವರು ಆ ಮೀಟರನ್ನು ತೆಗೆದು ಅಮ್ಮನ ಕೈಗೆ ಕೊಟ್ಟರು. ತುಂಬಾ ಹೊತ್ತು ಇಬ್ಬರೂ ಆ ಮಣ್ಣಿನ ಚಿತ್ರದ ಸುತ್ತ ಬಗ್ಗಿ ಕೂತಿದ್ದರು.

ಎರಡೂ ಒಂದೇ ಅಲ್ಲ. ಐಸ್ ಗುಂಡಿ ಕೆಳಗೆ ಕಿರಿದು. ಐಸ್ ಕರಗಿದಂತೆಲ್ಲ ಉಳಿದ ಗಟ್ಟಿ ಕೆಳಗೆ ಜಾರಿ ಕೂಡಿಕೊಳ್ಳಬೇಕು, ನಡುವೆ ಸಂದು ಬೀಳಬಾರದು, ನೀರು ಹೊರಗೆ ಹೋಗಬೇಕು. ಹಗೇವು ಮೇಲೆ ಕಿರಿದು. ಗಾಳಿ, ನೀರು ಎರಡೂ ಒಳಗೆ ಬರಬಾರದು. ಕಾಳು ಉಸಿರಾಡಿ ಒಳಗಿನ ಗಾಳಿಯನ್ನು ತಾನೇ ಕೆಡಿಸಬೇಕು, ಆಗ ಹುಳ ಬದುಕುವುದಿಲ್ಲ. ಮನುಷ್ಯನನ್ನು ಕೊಲ್ಲುವ ಆ ಗಾಳಿಯೇ ರಾಗಿಯನ್ನು ಕಾಯುವುದು. ಹುಲ್ಲು ಮಾತ್ರ ಎರಡು ಕಡೆಯೂ ಒಂದೇ.

ಇನ್ನೊಂದು ವ್ಯತ್ಯಾಸವನ್ನು ಅಮ್ಮನೇ ಎತ್ತಿದರು. “ಇದನ್ನ ತುಂಬ್ತಿದ್ದೋರು ಯಾರು? ಮನೆಯೋರಾ?” ನಾನು ಹಿರಿಯರನ್ನು ಕೇಳಿದೆ. ಮನೆಯವರಲ್ಲ, ತೋಟದ ಆಳುಗಳು, ಹೊಲದ ಕೂಲಿಯವರು. ಕೆರೆ ಹೆಪ್ಪುಗಟ್ಟಿದ ಬೆಳಿಗ್ಗೆ ಉಳಿದ ಕೆಲಸವೆಲ್ಲ ಬಿಟ್ಟು ಎಲ್ಲರೂ ಬರಬೇಕು. ಇಂಗ್ಲೆಂಡಿನ ಚಳಿಯನ್ನು ನಂಬುವಂತಿಲ್ಲ, ಎರಡು ದಿನದಲ್ಲಿ ಕರಗಿಬಿಡಬಹುದು. ಎರಡು ಮೂರು ಇಂಚು ದಪ್ಪ ಆದರೆ ಸಾಕು, ಒಡೆಯುತ್ತಿದ್ದರು. ಉದ್ದನೆಯ ಕೊಕ್ಕೆಗಳಿಂದ ದಡಕ್ಕೆ ಎಳೆದು, ಗಾಡಿಗೆ ತುಂಬಿ, ಇಲ್ಲಿಗೆ ತಂದು, ಸುತ್ತಿಗೆಯಿಂದ ಪುಡಿ ಮಾಡಿ ಒಳಗೆ ಸುರಿಯುತ್ತಿದ್ದರು. ಗುಂಡಿಯೊಳಗೆ ನಾಲ್ಕೈದು ಜನ ನಿಂತು, ನಾವು ಮನೆಯ ನೆಲಕ್ಕೆ ದಿಮ್ಮಸು ಹೊಡೆಯುವಂತೆ ಕುಟ್ಟುತ್ತಿದ್ದರು. ಕುಟ್ಟಿದಷ್ಟೂ ಒಂದೇ ಗಟ್ಟಿಯಾಗುತ್ತದೆ, ಅಷ್ಟು ಜಾಸ್ತಿ ದಿನ ಉಳಿಯುತ್ತದೆ. ಕಾಲಡಿ ಐಸ್, ಸುತ್ತ ಐಸ್, ಮೇಲಿನಿಂದ ಬೀಳುವುದೂ ಐಸ್. ಬೆಚ್ಚಗಾಗಲು ಬಿಯರ್ ಕೊಡುತ್ತಿದ್ದರು. ಆಗಿನ ಬೂಟು, ಆಗಿನ ಬಟ್ಟೆ ನೆನೆಸಿಕೊಳ್ಳಿ. ಬೇಸಿಗೆಯಲ್ಲಿ ಬಂಗಲೆಯ ಊಟದ ಮೇಜಿನ ಮೇಲೆ ಐಸ್‌ಕ್ರೀಮ್ ಬಂದಾಗ ಆ ಕೈಗಳಿಗೆ ಒಂದು ಚಮಚವೂ ಸಿಕ್ಕಿರಲಿಕ್ಕಿಲ್ಲ. ಮೊಟ್ಟೆಯ ಆಕಾರ ನೋಡಿ ನನಗಾದ ಸಂತೋಷ ಇದನ್ನು ಕೇಳಿದ ಮೇಲೆ ಬೇರೆಯೇ ಆಯಿತು. ಕಮ್ಮಿ ಆಗಲಿಲ್ಲ, ಆದರೆ ಜೊತೆಗೆ ಭಾರ ಸೇರಿಕೊಂಡಿತು.

ಹಿರಿಯರ ಅಜ್ಜ ಇದನ್ನು ಕೊನೆಯ ಸಲ ತುಂಬಿದವರಲ್ಲಿ ಒಬ್ಬರಂತೆ. ಮೊದಲನೇ ಮಹಾಯುದ್ಧಕ್ಕೆ ಮುಂಚೆ. ಆಮೇಲೆ ಆಳುಗಳು ಯುದ್ಧಕ್ಕೆ ಹೋದರು, ಹಲವರು ತಿರುಗಿ ಬರಲಿಲ್ಲ, ಐಸ್ ಕಾರ್ಖಾನೆಯಿಂದ ಬರತೊಡಗಿತು. ಎಷ್ಟೋ ಕಡೆ ಇಂಥ ಗುಂಡಿಗಳಿಗೆ ಕಸ ತುಂಬಿ ಮುಚ್ಚಿದ್ದಾರೆ. ಈಗಲೂ ಉಳಿದಿರುವ ಕೆಲವನ್ನು ಕಾಪಾಡುತ್ತಿರುವುದು ಬಾವಲಿಗಳು ಅಂದರೆ ತಪ್ಪಾಗದು. ತಂಪು, ಕತ್ತಲು, ತೇವ, ಏರಿಳಿತವಿಲ್ಲದ ಗಾಳಿ, ಐಸ್‌ಗೆ ಅಂತ ಕಟ್ಟಿದ್ದೆಲ್ಲ ಅವಕ್ಕೆ ಬೇಕಾದದ್ದೇ. ಅವು ಇರುವವರೆಗೆ ಕಾನೂನು ಇದೆ. ಪರವಾನಗಿ ಇಲ್ಲದೆ ಗೋಡೆಗೆ ಯಾರೂ ಕೈ ಹಚ್ಚುವಂತಿಲ್ಲ. ಹೋದ ಚಳಿಗಾಲದಲ್ಲಿ ಎಣಿಸಿದಾಗ ಹದಿನಾಲ್ಕು ಇದ್ದವು ಎಂದು ಅವರು ಹೆಮ್ಮೆಯಿಂದ ಹೇಳಿದರು.

ಕಂಬಿ ಬಾಗಿಲಿಗೆ ಬೀಗ ಹಾಕುವಾಗ ಅಮ್ಮ ಕಮಾನಿನ ಇಟ್ಟಿಗೆ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಮನೆಗೆ ವಾಪಸ್ ಬರುವ ದಾರಿಯಲ್ಲಿ ಅಮ್ಮ ಫೋನ್ ಕೊಡು ಎಂದರು. ಊರಿನಲ್ಲಿ ಆಗ ರಾತ್ರಿ ಎಂಟೂವರೆ. ಮಾವನಿಗೆ ಮಾಡಿದರು. ಆರೋಗ್ಯ, ಮಳೆ, ಯಾವುದನ್ನೂ ಕೇಳಲಿಲ್ಲ.

“ಅಣ್ಣ, ನಮ್ಮ ಹಗೇವು ಏನಾಯ್ತು?”

ಮಾವನಿಗೆ ಒಂದು ಕ್ಷಣ ಗೊತ್ತಾಗಲಿಲ್ಲ. ಆಮೇಲೆ ನಕ್ಕರು. ಅದರ ಮೇಲೆ ಟ್ರ್ಯಾಕ್ಟರ್ ಶೆಡ್ ಬಂದಿದೆ. ಮೂಲೆಯಲ್ಲಿ ಚಪ್ಪಡಿ ಹಾಗೇ ಇದೆ, ಅದರ ಮೇಲೆ ಗೊಬ್ಬರದ ಮೂಟೆ ಇಟ್ಟಿದ್ದಾರೆ.

“ಒಳಗೆ ಮಣ್ಣು ತುಂಬಿಸಿದ್ರಾ?”

“ಇಲ್ಲ ಕಣಮ್ಮ. ಅಪ್ಪ ಕೊನೇ ಸಲ ತೆಗೆಸಿದಾಗ ಇಳಿದಿದ್ದು ನಾನೇ. ರಾಗಿ ಎತ್ತಿ ಚಪ್ಪಡಿ ಎಳೆದಿದ್ವಿ, ಅಷ್ಟೇ. ಯಾಕೆ?”

ನಾನು ಕಾರು ಪಕ್ಕಕ್ಕೆ ನಿಲ್ಲಿಸಿ ಫೋನ್ ತೆಗೆದುಕೊಂಡೆ. ಸಂಕ್ರಾಂತಿಗೆ ಬರುತ್ತೇನೆ, ಮೂಟೆಗಳನ್ನು ತೆಗೆಸಿಡಿ ಮಾವ, ಅಳತೆ ಪಟ್ಟಿ ತರುತ್ತೇನೆ ಎಂದೆ. ಪಕ್ಕದಿಂದ ಅಮ್ಮ ನನ್ನ ತೋಳು ತಟ್ಟಿದರು.

“ಒಂದು ಲಾಂದ್ರ ಹುಡುಕಿಡೋಕೆ ಹೇಳು.”